ಕ್ಯಾಂಪ್: ಬ್ಯಾಡಗಿ

ಹದಿನೆಂಟು ವರ್ಷ ನನಗೆ ಬಂದ ಕಾಗದಗಳ ಮೇಲೆ ಮನೆ ನಂಬರು, ಓಣಿಯ ಹೆಸರು ಇರುತ್ತಿರಲಿಲ್ಲ. ನನ್ನ ಹೆಸರು, ಅದರ ಕೆಳಗೆ 'ತಬಲಾ', ಅದರ ಕೆಳಗೆ ನಾಟಕ ಕಂಪನಿಯ ಹೆಸರು, ಕೊನೆಗೆ 'ಕ್ಯಾಂಪ್: ಹಾವೇರಿ'. ಅವ್ವ ಓಣಿಯ ಹುಡುಗರಿಂದ ಬರೆಸಿದ ಕಾರ್ಡು ಹಾವೇರಿ ಮುಟ್ಟುವಷ್ಟರಲ್ಲಿ ನಾವು ಬ್ಯಾಡಗಿಗೆ ಹೋಗಿರುತ್ತಿದ್ದೆವು. ಪೋಸ್ಟಿನವರು ಹಳೆಯ ಊರನ್ನು ಹೊಡೆದು ಹೊಸ ಊರು ಬರೆದು ಮುಂದೆ ಕಳಿಸುತ್ತಿದ್ದರು. ಅಪ್ಪನಿಗೆ ಆರಾಮಿಲ್ಲ ಎಂಬ ಕಾರ್ಡಿನ ಮೇಲೆ ಮೂರು ಊರಿನ ಠಸ್ಸೆ ಬಿದ್ದಿದ್ದವು. ನಾನು ಮನೆ ಸೇರಿದಾಗ ಮಣ್ಣು ಮಾಡಿ ಮೂರು ದಿನ ಆಗಿತ್ತು. ಆ ಕಾರ್ಡು ಇನ್ನೂ ನನ್ನ ಟ್ರಂಕಿನಲ್ಲಿದೆ.

1978ರಲ್ಲಿ, ಹದಿನೇಳನೆಯ ವಯಸ್ಸಿಗೆ ಕಂಪನಿ ಸೇರಿದೆ. 1996ರಲ್ಲಿ ಬಿಟ್ಟೆ. ಹಾವೇರಿ ಆಗಿನ್ನೂ ಧಾರವಾಡ ಜಿಲ್ಲೆಯ ಒಂದು ತಾಲೂಕು. ಹುಬ್ಬಳ್ಳಿಯಿಂದ ಹರಿಹರದ ಕಡೆ ಮೀಟರ್‌ಗೇಜ್ ಗಾಡಿ ಹೋಗುತ್ತಿತ್ತು. ಹಾವೇರಿ, ಬ್ಯಾಡಗಿ, ದೇವರಗುಡ್ಡ, ರಾಣೆಬೆನ್ನೂರು ಒಂದರ ಹಿಂದೊಂದು ಬರುತ್ತಿದ್ದವು. ಬನದ ಹುಣ್ಣಿವೆಗೆ ಬಾದಾಮಿಯ ಬನಶಂಕರಿ, ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬೆ. ಈ ಎರಡು ದೊಡ್ಡ ಜಾತ್ರೆಗಳನ್ನು ಬಿಟ್ಟರೆ ನಮ್ಮ ಹೊಟ್ಟೆ ತುಂಬಿಸಿದ್ದು ಈ ಪ್ಯಾಟಿ ಊರುಗಳೇ. ರೈತನ ಕೈಗೆ ಎಲ್ಲಿ ರೊಕ್ಕ ಬರುತ್ತದೋ ಅಲ್ಲಿಗೆ ಕಂಪನಿ. ರಾಣೆಬೆನ್ನೂರಿಗೆ ಹತ್ತಿ ಬಂದಾಗ ಅಲ್ಲಿ, ಬ್ಯಾಡಗಿಗೆ ಮೆಣಸಿನಕಾಯಿ ಬಂದಾಗ ಇಲ್ಲಿ.

ಲಾರಿಯಲ್ಲಿ ತಗಡು, ಗಳ, ಬೆಂಚು, ಪರದೆಯ ಸುರುಳಿಗಳು ಬರುತ್ತಿದ್ದವು. ನಾಲ್ಕೈದು ದಿನದಲ್ಲಿ ಬಯಲು ಹೋಗಿ ಥೇಟರು ಎದ್ದಿರುತ್ತಿತ್ತು. ಕಾಲುಪೇಟಿಯನ್ನು ಮಾತ್ರ ಪೇಟಿ ಮಾಸ್ತರು ಲಾರಿಗೆ ಹಾಕಲು ಬಿಡುತ್ತಿರಲಿಲ್ಲ. ಹಾಸಿಗೆಯಲ್ಲಿ ಸುತ್ತಿ, ರೈಲಿನಲ್ಲಿ ತಮ್ಮ ಕಾಲ ಹತ್ತಿರವೇ ಇಟ್ಟುಕೊಂಡು ಬರುತ್ತಿದ್ದರು. ಎರಡೂ ಪಾದಗಳಿಂದ ಗಾಳಿ ತುಂಬುವ ಹಾರ್ಮೋನಿಯಂ ಅದು. ನುಡಿಸಲು ಎರಡೂ ಕೈ ಖಾಲಿ. ಅದರ ನಾದಕ್ಕೆ ತಗಡಿನ ಥೇಟರಿನ ಕೊನೆಯ ಸಾಲಿನವರೆಗೂ ಮುಟ್ಟುವ ತಾಕತ್ತು ಇತ್ತು. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಆ ಮೂವತ್ತು ವರ್ಷ ಅದನ್ನು ಹೊತ್ತು ಊರೂರು ತಿರುಗಿಸಿ, ಅನ್ನ ಕೊಟ್ಟು ಉಳಿಸಿಕೊಂಡವರಲ್ಲಿ ನಮ್ಮ ಕಂಪನಿಗಳೂ ಸೇರಿವೆ ಎಂದು ನಾನು ಇವತ್ತಿಗೂ ಎದೆ ಮುಟ್ಟಿ ಹೇಳುತ್ತೇನೆ.

ದಿನಕ್ಕೆ ಎರಡು ಆಟ, ಸಂಜೆ 6.15ಕ್ಕೆ ಒಂದು, ರಾತ್ರಿ 9.45ಕ್ಕೆ ಇನ್ನೊಂದು. ವಾದ್ಯದವರ ಜಾಗ ಸ್ಟೇಜಿನ ಕೆಳಗೆ, ಪಾತ್ರಧಾರಿಗೆ ಮುಖ ಮಾಡಿ, ಜನಕ್ಕೆ ಬೆನ್ನು ಮಾಡಿ. ಹದಿನೆಂಟು ವರ್ಷ ಆಟ ನಡೆಯುವಾಗ ನಾನು ಜನರ ಮುಖ ನೋಡಿದ್ದು ಕಡಿಮೆ. ಅವರನ್ನು ಬೆನ್ನಿನಿಂದಲೇ ಕೇಳುತ್ತಿದ್ದೆ. ಶೇಂಗಾ ಸಿಪ್ಪೆ ಒಡೆಯುವ ಸದ್ದು ನಿಂತಿತೆಂದರೆ ಹಾಡು ಹತ್ತಿತು ಅಂತ ಅರ್ಥ.

ಒಂದು ರಾತ್ರಿಯ ಮಾತು ಹೇಳಬೇಕು. ಬ್ಯಾಡಗಿ ಕ್ಯಾಂಪು, ಹಂಗಾಮು ಭರ್ತಿ ಇದ್ದ ದಿನಗಳು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನುತ್ತಾರೆ. ನಿಜ. ಆದರೆ ಸಾವಿರಾರು ಚೀಲ ಒಂದೇ ಕಡೆ ಸುರಿದಾಗ ಏಳುವ ಘಾಟು ಹಾಡುವವರ ಗಂಟಲನ್ನು ಬಿಡುವುದಿಲ್ಲ. ಆ ದಿನ 'ಹೇಮರಡ್ಡಿ ಮಲ್ಲಮ್ಮ' ಆಟ. ಎರಡನೆಯ ಆಟದಲ್ಲಿ ಮಲ್ಲಮ್ಮನ ಪಾರ್ಟಿನ ಬಾಯಿ ಜೋಗಿಯಾ ರಾಗದಲ್ಲಿ ಒಂದು ಹಾಡು ಎತ್ತಿದರು. ಕರಿ ನಾಕರಲ್ಲಿ, ಅಂದರೆ ಪೇಟಿಯ ನಾಲ್ಕನೆಯ ಕರಿ ಮನೆಯನ್ನು ಷಡ್ಜ ಮಾಡಿಕೊಂಡು, ಹಾಡುವ ದನಿ ಅವರದು. ಮೇಲಿನ ಷಡ್ಜಕ್ಕೆ ಹೋದಾಗ ಕೆಮ್ಮು ಬಂತು. ಸೆರಗು ಬಾಯಿಗೆ ಅಡ್ಡ ಹಿಡಿದು, ದೇವರ ಮುಂದೆ ಅಳುವಂತೆ ಬಗ್ಗಿ ನಿಂತರು. ಜನರಿಗೆ ಅದು ಅಭಿನಯ. ಮಾಸ್ತರಿಗೆ ಗೊತ್ತಾಯಿತು. ಅವರು ನನ್ನ ಕಡೆ ಹೊರಳದೆ, ತುಟಿ ಅಲ್ಲಾಡಿಸದೆ, "ತಮ್ಮಾ, ಬಿಳಿ ನಾಕು" ಅಂದರು.

ನನ್ನ ತಬಲಾ ಕರಿ ನಾಕಕ್ಕೆ ಏರಿಸಿಟ್ಟಿದ್ದೆ. ಬಟ್ಟೆ ಸುತ್ತಿದ ಇನ್ನೊಂದು ತಬಲಾ ಬೆನ್ನ ಹಿಂದೆ ಇತ್ತು. ಎಡಗೈಯಲ್ಲಿ ಡಗ್ಗಾ ಒಂದನ್ನೇ ನಡೆಸುತ್ತ, ಬಲಗೈಯಲ್ಲಿ ಅದನ್ನು ಎಳೆದುಕೊಂಡೆ. ಅಷ್ಟರಲ್ಲಿ ಮಾಸ್ತರು ಪೇಟಿಯ ಮೇಲೆ ಒಂದು ಸಣ್ಣ ಆಲಾಪ ಬಿಟ್ಟು, ಮೆಟ್ಟಿಲು ಇಳಿದಂತೆ ಸುರ ಇಳಿಸಿ, ಹೊಸ ಷಡ್ಜದ ಮೇಲೆ ಕಾಯುತ್ತ ನಿಂತಿದ್ದರು. ಬಾಯಿ ತಲೆ ಎತ್ತಿದಾಗ ಹಾಡು ಅವರಿಗೆ ಕೈಗೆಟುಕುವ ಜಾಗದಲ್ಲಿತ್ತು. ಇಳಿದ ದನಿಯಲ್ಲಿ ಆ ಹಾಡಿಗೆ ಹೊಸ ಸಂಕಟ ಬಂತು. ಬೆನ್ನ ಹಿಂದೆ ಶೇಂಗಾದ ಸದ್ದು ನಿಂತಿತ್ತು. ಮರುದಿನ ಮುಂಜಾನೆ ಚಹಾ ಕುಡಿಯಲು ಪ್ಯಾಟಿ ಕಡೆ ಹೋದರೆ, ಮೆಣಸಿನಕಾಯಿಯ ತುಂಬು ಬಿಡಿಸುತ್ತ ಕುಂತ ಹೆಂಗಸರು ಅದೇ ಹಾಡನ್ನು ಗುನುಗುತ್ತಿದ್ದರು. ಜೋಗಿಯಾ ಎಂಬ ಹೆಸರು ಅವರು ಕೇಳಿರಲಿಕ್ಕಿಲ್ಲ. ಕೋಮಲ ರಿಷಭ ಮಾತ್ರ ಎಲ್ಲಿ ಕೂರಬೇಕೋ ಅಲ್ಲೇ ಕೂತಿತ್ತು.

ಬ್ಯಾಡಗಿಯ ಕ್ಯಾಂಪು ಮುಗಿದ ಮೇಲೆ ಮಾಸ್ತರು ಪೇಟಿ ಬಿಚ್ಚುತ್ತಿದ್ದರು. ತೆಳ್ಳಗಿನ ಕಾಗದದ ಚೂರನ್ನು ಒಂದೊಂದು ರೀಡಿನ ಕೆಳಗೆ ತೂರಿಸಿ ಎಳೆದರೆ ಕಾಗದದ ಅಂಚು ಕೆಂಪಗಾಗಿ ಬರುತ್ತಿತ್ತು.

ಹಾಡು ಹೊತ್ತು ತಿರುಗುವುದು ಈ ನೆಲಕ್ಕೆ ಕಂಪನಿಗಳಿಂದ ಮಾತ್ರ ಬಂದದ್ದಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಹುಟ್ಟಿದ್ದು ರಾಣೆಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯಲ್ಲಿ. ಅವರು ಆಸರೆ ಕೊಟ್ಟು ಬೆಳೆಸಿದ ಪಂಚಾಕ್ಷರಿ ಗವಾಯಿಗಳು ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯವರು, ಕಣ್ಣಿಲ್ಲದವರು. ಅವರ ಸಂಗೀತ ಶಾಲೆಗೆ ಮೊದಲು ಗೋಡೆಗಳೇ ಇರಲಿಲ್ಲ. ಶಿಷ್ಯರನ್ನು ಕಟ್ಟಿಕೊಂಡು ಊರಿಂದ ಊರಿಗೆ ನಡೆದ ಸಂಚಾರಿ ಪಾಠಶಾಲೆ ಅದು. ಮುಂದೆ ಗದಗದಲ್ಲಿ ನೆಲೆ ನಿಂತ ಮೇಲೂ ಆಶ್ರಮದ ಮಕ್ಕಳ ಅನ್ನಕ್ಕೆಂದು ನಾಟಕ ಕಂಪನಿ ನಡೆಸಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ದೇವಗಿರಿಯಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳು ಆ ಭಾರ ಹೊತ್ತರು. ನಾನು ಕಂಡ ಎಷ್ಟೋ ಪೇಟಿ ಮಾಸ್ತರರು, ತಬಲಾದವರು ಆ ಆಶ್ರಮದ ಅನ್ನ ಉಂಡವರು. ಮಲ್ಲಿಕಾರ್ಜುನ ಮನಸೂರರು ಕೂಡ ಹುಡುಗರಾಗಿದ್ದಾಗ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದವರೇ. ತಮ್ಮ ಮೊದಲ ಗುರುಗಳ ಕಣ್ಣಿಗೆ ಅವರು ಬಿದ್ದದ್ದು ಅಲ್ಲಿಯೇ.

ಕಷ್ಟವನ್ನು ಮುಚ್ಚಿಡುವುದಿಲ್ಲ. ನಾಟಕದವರು ಅಂದರೆ ಬಾಡಿಗೆ ಮನೆ ಕೊಡುತ್ತಿರಲಿಲ್ಲ. ಹೆಣ್ಣುಪಾರ್ಟಿನ ಬಾಯಂದಿರು ಅನುಭವಿಸಿದ ಅವಮಾನ ನಮ್ಮದಕ್ಕಿಂತ ಹತ್ತು ಪಟ್ಟು. ಅವರ ಮಕ್ಕಳು ಒಂದೇ ವರ್ಷದಲ್ಲಿ ಮೂರು ಶಾಲೆ ನೋಡಿದರು. ಮಳೆ ಹಿಡಿದರೆ ಕಲೆಕ್ಷನ್ ಇಲ್ಲ, ಕಲೆಕ್ಷನ್ ಇಲ್ಲದಿದ್ದರೆ ಪಗಾರವಿಲ್ಲ. ನಾನು ಕಂಪನಿ ಬಿಟ್ಟಾಗ ಐದು ತಿಂಗಳ ಬಾಕಿ ಇತ್ತು. ಅದು ಬರಲಿಲ್ಲ. ಆದರೂ ಆ ದಾರಿಯ ಮೇಲೆ ನನಗೆ ಸಿಟ್ಟಿಲ್ಲ, ಅದು ತಪ್ಪಿಹೋದದ್ದಕ್ಕೆ ದುಃಖವಿದೆ.

ಸಿನಿಮಾ ಬಂತು, ಟಿವಿ ಬಂತು, ಕಂಪನಿಗಳು ಮುಳುಗಿದವು ಎಂದು ಎಲ್ಲರೂ ಬರೆಯುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಕಂಪನಿಗಳು ಈಗಲೂ ಇವೆ. ಜಾತ್ರೆಗಳಲ್ಲಿ ತಗಡಿನ ಥೇಟರು ಏಳುತ್ತದೆ, ಹಾಸ್ಯ ನಾಟಕಕ್ಕೆ ಜನ ಬರುತ್ತಾರೆ. 2020ರ ಲಾಕ್‌ಡೌನ್ ಜಾತ್ರೆಯ ಹಂಗಾಮನ್ನು ಅರ್ಧಕ್ಕೆ ಮುರಿದಾಗ ಕೂಡ ಒಂದಷ್ಟು ಜನ ಸಾಲ ಮಾಡಿ ಮತ್ತೆ ಎದ್ದು ನಿಂತರು. ಹೋದದ್ದು ಸ್ಟೇಜಿನ ಕೆಳಗಿನ ಆ ಜಾಗ. ಮೊದಲು ರಂಗಗೀತೆಗಳು ಹೋಗಿ ಸಿನಿಮಾದ ಮಟ್ಟುಗಳು ಬಂದವು. ಅದನ್ನು ನುಡಿಸಿದವರಲ್ಲಿ ನಾವೂ ಇದ್ದೆವು, ಆ ತಪ್ಪು ನಮ್ಮದೂ ಹೌದು. ಆಮೇಲೆ ಕಾಲುಪೇಟಿ ಹೋಗಿ ಕೀಬೋರ್ಡ್ ಬಂತು. ಈಗ ಎಷ್ಟೋ ಕಡೆ ಹಾಡು ಪೆನ್‌ಡ್ರೈವ್‌ನಲ್ಲಿ ಬರುತ್ತದೆ.

ಹೋದ ವರ್ಷ ರಾಣೆಬೆನ್ನೂರಿನ ಹತ್ತಿರದ ಒಂದು ಹಳ್ಳಿಯ ಜಾತ್ರೆಗೆ ನಾಟಕ ನೋಡಲು ಹೋಗಿದ್ದೆ. ಊರ ಹುಡುಗರೇ ಎರಡು ತಿಂಗಳು ತಾಲೀಮು ಮಾಡಿದ್ದರು. ಹೆಣ್ಣುಪಾರ್ಟಿಗೆ ಹೊರಗಿನಿಂದ ಒಬ್ಬ ಬಾಯಿ ಬಂದಿದ್ದರು. ಒಳ್ಳೆಯ ದನಿ. ಅಂದು ಅವರಿಗೆ ನೆಗಡಿಯಾಗಿತ್ತು, ಮೊದಲ ಮಾತಿಗೇ ನನಗೆ ತಿಳಿಯಿತು. ಹಾಡಿನ ಟ್ರ್ಯಾಕ್ ಹಾಕಿದರು. ಪಲ್ಲವಿ ಹೇಗೋ ದಾಟಿತು. ಚರಣಕ್ಕೆ ಬಂದಾಗ ದನಿ ಒಡೆಯಿತು. ಟ್ರ್ಯಾಕ್ ನಿಲ್ಲಲಿಲ್ಲ, ಇಳಿಯಲಿಲ್ಲ, ತನ್ನ ಪಾಡಿಗೆ ಮುಂದೆ ಹೋಯಿತು. ಅವರು ಮೈಕು ಕೆಳಗಿಳಿಸಿ, ಹಾಡು ಮುಗಿಯುವವರೆಗೆ ಸುಮ್ಮನೆ ನಿಂತರು. ನನ್ನ ಬೆರಳುಗಳು ತೊಡೆಯ ಮೇಲೆ ಡಗ್ಗಾ ಹುಡುಕುತ್ತಿದ್ದವು.

ನನ್ನ ಮಾಸ್ತರು ಈಗಿಲ್ಲ. ಅವರಿಗೆ ಬಾಯಿಪಾಠವಿದ್ದ ನೂರಾರು ಮಟ್ಟುಗಳಲ್ಲಿ ನನಗೆ ನೆನಪಿರುವುದು ಮೂವತ್ತೊಂಬತ್ತು. ಬರೆದಿಟ್ಟುಕೊಂಡು ಎಣಿಸಿದ್ದೇನೆ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಕಡೆಯ ಓದುಗರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಊರಿನಲ್ಲಿ ಕಂಪನಿಯಲ್ಲಿ ನುಡಿಸಿದ ಹಳೆಯ ಮಾಸ್ತರು ಯಾರಾದರೂ ಇದ್ದರೆ ಅವರ ಮನೆಗೆ ಹೋಗಿ. ಕೈಯಲ್ಲಿರುವ ಫೋನನ್ನು ಮುಂದಿಟ್ಟು, "ಆ ಕಾಲದ್ದು ಒಂದು ಹಾಡು ಹೇಳ್ರಿ ಮಾಸ್ತರ್ರಽ" ಅನ್ನಿ. ಪೇಟಿ ಕೆಟ್ಟಿದ್ದರೆ ಬಾಯಲ್ಲೇ ಹೇಳಿಸಿ. ಯಾವ ನಾಟಕದ್ದು, ಯಾವ ರಾಗ, ಯಾವ ಕ್ಯಾಂಪಿನಲ್ಲಿ ಕಲಿತರು, ಇಷ್ಟು ಕೇಳಿ ಹಿಡಿದಿಟ್ಟುಕೊಳ್ಳಿ. ಶಾಲು, ಹಾರ ಆಮೇಲೆ ಹಾಕಿದರೂ ನಡೆಯುತ್ತದೆ. ಈ ವಾರವೇ ಹೋಗಿ.