ಕೋಡಿ ಕಿರಿದಾದಾಗ

ಕೆರೆಯ ನೀರನ್ನು ನಂಬಿ ಬಾಳಿದ ನಮ್ಮ ಹೊಸೂರಿನ ಸೀಮೆಯವರಿಗೆ ಕೋಡಿಯೆಂದರೇನೆಂದು ವಿವರಿಸಬೇಕಾಗಿಲ್ಲ. ಕೆರೆ ತುಂಬಿದ ಮೇಲೆ ಬರುವ ನೀರು ಏರಿಯನ್ನು ಒಡೆಯದೆ ಪಕ್ಕದಿಂದ ಹರಿದುಹೋಗಲೆಂದು ಹಿರಿಯರು ಬಿಟ್ಟ ದಾರಿ ಅದು. ಮೋಟಾರು ಗಾಡಿಯಲ್ಲಿಯೂ ಇಂತಹದೊಂದು ಕೋಡಿಯುಂಟೆಂದು ನಾನು ತಿಳಿದದ್ದು ಪುಸ್ತಕದಿಂದಲ್ಲ; ನಮ್ಮ ಶಾಲೆಯಲ್ಲಿ ಕನ್ನಡದಲ್ಲಿಯೇ ಓದಿ, ಈಗ ಊರ ಹೊರಗೆ ಸಣ್ಣದೊಂದು ವರ್ಕ್‌ಶಾಪು ಇಟ್ಟುಕೊಂಡಿರುವ ಹಳೆಯ ಶಿಷ್ಯನೊಬ್ಬನಿಂದ.

ಟರ್ಬೋಚಾರ್ಜರೆಂಬುದು ಹೊಸ ವಸ್ತುವೇನಲ್ಲ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಚಿ ಎಂಬ ಎಂಜಿನಿಯರು 1905ರಲ್ಲಿಯೇ ಈ ವಿಚಾರಕ್ಕೆ ಪೇಟೆಂಟು ಪಡೆದಿದ್ದನು. ಎಂಜಿನ್ನಿನಿಂದ ಹೊರಬೀಳುವ ಬಿಸಿಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಿದಂತೆ ಉರಿ ಹೆಚ್ಚು. ಉರಿ ಹೆಚ್ಚಿದಂತೆ ಹೊಗೆ ಹೆಚ್ಚು. ಹೊಗೆ ಹೆಚ್ಚಿದಂತೆ ಚಕ್ರದ ವೇಗ ಹೆಚ್ಚು. ತಡೆಯುವವರಿಲ್ಲದಿದ್ದರೆ ಇದು ತನ್ನನ್ನು ತಾನೇ ಬೆಳೆಸಿಕೊಳ್ಳುವ ವ್ಯವಹಾರ. ಆದುದರಿಂದ ಹೊಗೆಯಲ್ಲೊಂದು ಪಾಲನ್ನು ಚಕ್ರಕ್ಕೆ ತಾಗದಂತೆ ಪಕ್ಕಕ್ಕೆ ಬಿಡುವ ಬಾಗಿಲನ್ನಿಟ್ಟರು. ವೇಸ್ಟ್‌ಗೇಟೆಂದು ಅದರ ಹೆಸರು. ಶಿಷ್ಯನು ಅದನ್ನು "ಕೋಡಿ" ಎಂದೇ ಕರೆಯುತ್ತಾನೆ. ಇದಕ್ಕಿಂತ ಒಳ್ಳೆಯ ಮಾತು ನನಗೆ ಹೊಳೆದಿಲ್ಲ.

ಆತನಲ್ಲಿಗೆ ಒಬ್ಬ ತರುಣನ ಕಾರು ಬಂದಿತ್ತು. ಅದಕ್ಕೆ ಸದ್ದು ಹೆಚ್ಚಲೆಂದೂ ಓಟ ಹೆಚ್ಚಲೆಂದೂ ಅಗಲವಾದ ಹೊಗೆಕೊಳವೆಯನ್ನು ಹಾಕಿಸಿದ್ದರು. ಅಂದಿನಿಂದ ಜೋರಾಗಿ ಒತ್ತಿದೊಡನೆ ಕಾರು ಮುಗ್ಗರಿಸಿ ಸೋತುಹೋಗುತ್ತಿತ್ತು. ಎಚ್ಚರಿಕೆಯ ದೀಪ ಉರಿಯುತ್ತಿತ್ತು. ಕಂಪ್ಯೂಟರು ಪಿ 0234 ಎಂಬ ಸಂಕೇತ ತೋರಿಸಿತು. ಬೂಸ್ಟ್ ಒತ್ತಡ ಮಿತಿಮೀರಿದೆಯೆಂದು ಅದರರ್ಥ. ಒತ್ತಡ ಅತಿಯಾದರೆ ಗಾಳಿ ಕಾಯುತ್ತದೆ, ಅದಕ್ಕೆ ತಕ್ಕ ಪೆಟ್ರೋಲು ಒದಗದೆ ಹೋಗಬಹುದು, ಕಾಲಕ್ಕೆ ಮೊದಲೇ ಉರಿಯೆದ್ದು ಪಿಸ್ಟನ್ ಒಡೆಯಬಹುದು. ಅದಕ್ಕಾಗಿಯೇ ಕಂಪ್ಯೂಟರು ಶಕ್ತಿಯನ್ನು ಕತ್ತರಿಸುವುದು. ತರುಣನಿಗೆ ಅದರ ಮೇಲೆ ಸಿಟ್ಟು. ನನಗೆ ಮಾತ್ರ ಗೌರವ. "ಟರ್ಬೋ ಕೆಟ್ಟಿದೆ, ಹೊಸದೇ ಹಾಕಬೇಕು" ಎಂದು ಬೇರೆಡೆ ಹೇಳಿದ್ದರಂತೆ. ಅಷ್ಟು ಹಣ ತೆರುವ ಮುನ್ನ ಇನ್ನೊಬ್ಬರ ಮಾತು ಕೇಳೋಣವೆಂದು ಇಲ್ಲಿಗೆ ಬಂದಿದ್ದನು.

ಅಂದು ರಜೆಯಾದುದರಿಂದ ನಾನು ಅಲ್ಲಿಯೇ ಕುಳಿತಿದ್ದೆ. "ಮೇಷ್ಟ್ರೇ, ಅಂಕಿ ಬರಕೊಳ್ಳಿ" ಎಂದು ಶಿಷ್ಯನು ನನಗೊಂದು ಹಳೆಯ ನೋಟ್‌ಬುಕ್ಕು ಕೊಟ್ಟನು.

ಮೊದಲನೆಯದು ಅಂಕಿಯ ವಿಚಾರವೇ. ಕಂಪ್ಯೂಟರು ತೋರಿಸುವುದು ಸುತ್ತಣ ವಾಯುಭಾರವೂ ಸೇರಿದ ಪೂರ್ಣ ಒತ್ತಡವನ್ನು. ಕಾಸರಗೋಡಿನ ಕಡಲತೀರದಲ್ಲಿ ವಾಯುಭಾರ ಸುಮಾರು 101 ಕಿಲೋಪಾಸ್ಕಲ್. ಸುಮಾರು 900 ಮೀಟರು ಎತ್ತರದ ನಮ್ಮ ಊರಿನಲ್ಲಿ 91. ಉದಕಮಂಡಲದಲ್ಲಿ 77ರ ಸಮೀಪ. ಇದನ್ನು ಕಳೆಯದೆ ಬೂಸ್ಟನ್ನು ಲೆಕ್ಕ ಹಾಕಿದರೆ ಇಲ್ಲದ ರೋಗಕ್ಕೆ ಮದ್ದು ಕೊಟ್ಟಂತೆ. ಕಳೆದು ನೋಡಿದರೂ ಈ ಕಾರಿನಲ್ಲಿ ಒತ್ತಡ ಹೆಚ್ಚಾಗಿಯೇ ಇತ್ತು.

ಕೋಡಿಯ ಬಾಗಿಲನ್ನು ತೆರೆಯುವುದು ಒಂದು ಸಣ್ಣ ಡಬ್ಬಿ. ಅದರೊಳಗೆ ರಬ್ಬರಿನ ಪೊರೆ ಮತ್ತು ಸ್ಪ್ರಿಂಗು. ಬೂಸ್ಟ್ ಒತ್ತಡವೇ ಸಣ್ಣ ರಬ್ಬರ್ ಕೊಳವೆಯೊಂದರಲ್ಲಿ ಬಂದು ಪೊರೆಯನ್ನು ತಳ್ಳಿ ಬಾಗಿಲನ್ನು ತೆರೆಯತಕ್ಕದ್ದು. ಆ ಕೊಳವೆ ಸೀಳಿದರೆ, ಕಳಚಿದರೆ, ಪೊರೆ ಹರಿದರೆ, ಬಾಗಿಲಿನ ಕೀಲು ತುಕ್ಕು ಹಿಡಿದರೆ ಬಾಗಿಲು ತೆರೆಯದು. ಶಿಷ್ಯನು ಕೊಳವೆಯನ್ನು ಬೆರಳಿನಿಂದ ಉದ್ದಕ್ಕೂ ತಡವಿದನು, ದೋಷವಿರಲಿಲ್ಲ. ಕೈಪಂಪಿನಿಂದ ಡಬ್ಬಿಗೆ ಗಾಳಿಯೊತ್ತಿದನು. ಅರ್ಧ ಬಾರ್ ಸಮೀಪಿಸುತ್ತಲೇ ಕಡ್ಡಿ ಸರಾಗವಾಗಿ ಸರಿಯಿತು, ಪಂಪಿನ ಮುಳ್ಳು ಇಳಿಯದೆ ನಿಂತಿತು. ಅಲ್ಲಿಗೆ ಡಬ್ಬಿಯೂ ಕೀಲೂ ನಿರ್ದೋಷಿಗಳು.

ಮುಂದಿನ ಪರೀಕ್ಷೆಯೇ ನನಗೆ ಬಹಳ ಹಿಡಿಸಿತು. ಆ ಕೊಳವೆಯ ನಡುವೆ ಕಂಪ್ಯೂಟರಿನ ಅಧೀನದಲ್ಲಿರುವ ವಿದ್ಯುತ್ ಕವಾಟವೊಂದಿದೆ. ಶಿಷ್ಯನು ಅದನ್ನು ಬಿಟ್ಟು, ಟರ್ಬೋವಿನಿಂದ ಡಬ್ಬಿಗೆ ನೇರವಾಗಿ ಕೊಳವೆ ಜೋಡಿಸಿದನು. ಈಗ ಸ್ಪ್ರಿಂಗಿನ ಬಲವೊಂದೇ ಪ್ರಮಾಣ. ಒತ್ತಡ ಅರ್ಧ ಬಾರ್ ಸುಮಾರಿನಲ್ಲಿಯೇ ನಿಲ್ಲಬೇಕು. ನಿಂತರೆ ತಪ್ಪು ಕವಾಟದ್ದು, ಇಲ್ಲವೆ ಕಂಪ್ಯೂಟರಿನದು. ಕಾರನ್ನು ರೋಲರುಗಳ ಮೇಲೆ ನಿಲ್ಲಿಸಿ ಓಡಿಸಿದರು. ನಾನು ಬರೆದುಕೊಂಡ ಅಂಕಿಗಳಿವು: ನಿಮಿಷಕ್ಕೆ 3000 ಸುತ್ತಿನಲ್ಲಿ 0.5 ಬಾರ್, 4000ದಲ್ಲಿ 0.6, 5000ದಲ್ಲಿ 0.8, 6000ದ ಹತ್ತಿರ 0.95. ಅಲ್ಲಿಗೆ ನಿಲ್ಲಿಸಿದರು.

"ನೋಡಿ ಮೇಷ್ಟ್ರೇ, ಬಾಗಿಲು ಸಕಾಲಕ್ಕೆ ತೆರೆದಿದೆ. ಇಲ್ಲದಿದ್ದರೆ ಮೂರು ಸಾವಿರದಲ್ಲೇ ಏರಿಬಿಡ್ತಿತ್ತು. ತೆರೆದ ಮೇಲೂ ನಿಧಾನವಾಗಿ ಏರ್ತಾ ಇದೆ. ಕೋಡಿ ಸಾಲದು."

ಅಗಲವಾದ ಹೊಗೆಕೊಳವೆ ಚಕ್ರದ ಹಿಂದಣ ತಡೆಯನ್ನು ತೆಗೆದುಹಾಕಿತ್ತು. ಹೊಗೆಗೆ ಚಕ್ರದ ದಾರಿಯೇ ಸುಲಭವಾಗಿ, ಪಕ್ಕದ ಕಿರುರಂಧ್ರ ಸಾಲದೆ ಹೋಯಿತು. ಕಾರ್ಖಾನೆಯವರು ಆ ರಂಧ್ರವನ್ನು ಅಳೆದದ್ದು ತಮ್ಮ ಕೊಳವೆಗೆ, ಈತನ ಕೊಳವೆಗಲ್ಲ. ಕಂಪ್ಯೂಟರಿನಲ್ಲಿಯೇ ಇಳಿಸಬಾರದೇಕೆ ಎಂದು ತರುಣನು ಕೇಳಿದನು. ಕವಾಟವು ಬಾಗಿಲನ್ನು ಮುಚ್ಚಿ ಹಿಡಿಯಬಲ್ಲುದೇ ಹೊರತು, ಪೂರ್ಣ ತೆರೆದ ಬಾಗಿಲನ್ನು ಇನ್ನೂ ತೆರೆಯಲಾರದೆಂದು ಶಿಷ್ಯನು ತಿಳಿಸಿದಾಗ ಅವನು ಸುಮ್ಮನಾದನು.

ಎರಡು ದಾರಿಗಳಿದ್ದವು: ಹಳೆಯ ಕೊಳವೆಯನ್ನೇ ಮತ್ತೆ ಹಾಕುವುದು, ಇಲ್ಲವೆ ರಂಧ್ರವನ್ನು ಹಿಗ್ಗಿಸುವುದು. ತರುಣನಿಗೆ ಸದ್ದು ಬಿಡಲು ಮನಸ್ಸಿಲ್ಲ. ನನಗಾದರೆ ಮೊದಲನೆಯದೇ ಮೇಲೆನಿಸಿತು. ಆದರೆ ಕಾರು ನನ್ನದಲ್ಲವಷ್ಟೆ. ಚಕ್ರದ ಕವಚವನ್ನು ಪೂರ್ತಿ ಬಿಚ್ಚಿ ತೆಗೆದು, ಕಬ್ಬಿಣದ ಪುಡಿ ಚಕ್ರಕ್ಕೆ ತಾಗದಂತೆ ಬೇರೆಯಾಗಿಟ್ಟು, 20 ಮಿಲಿಮೀಟರಿನ ರಂಧ್ರವನ್ನು 24ಕ್ಕೆ ಕೊರೆದರು. ಬಾಗಿಲಿನ ಬಿಲ್ಲೆ ಅದನ್ನಿನ್ನೂ ಮುಚ್ಚುವಷ್ಟು ದೊಡ್ಡದಿತ್ತು. ವ್ಯಾಸ ನಾಲ್ಕೇ ಮಿಲಿಮೀಟರು ಬೆಳೆದರೂ ವಿಸ್ತೀರ್ಣ 1.44 ಪಟ್ಟಾಯಿತೆಂಬುದನ್ನು ಎಂಟನೆಯ ತರಗತಿಯ ಮಕ್ಕಳಿಗೆ ಮರುದಿನವೇ ಲೆಕ್ಕವಾಗಿ ಕೊಟ್ಟೆ.

ಮತ್ತೆ ಓಡಿಸಿದಾಗ 6000 ಸುತ್ತಿನಲ್ಲಿ 0.55 ಬಾರ್. ಕವಾಟವನ್ನು ಮರಳಿ ಜೋಡಿಸಿದರು. ತಣ್ಣನೆಯ ಗಾಳಿಯಲ್ಲಿ ಒತ್ತಡ ಇನ್ನಷ್ಟು ಏರುವುದುಂಟು. ಮಾಗಿಯ ಒಂದು ಮುಂಜಾನೆ ಇನ್ನೊಮ್ಮೆ ತಂದು ತೋರಿಸಬೇಕೆಂದು ಹೇಳಿ ಶಿಷ್ಯನು ಕಾರನ್ನು ಕಳುಹಿಸಿಕೊಟ್ಟನು.