ಎರಡನೇ ಆಲ್ಬಮ್ ಯಾವಾಗ?

ಲಾರಿನ್ ಹಿಲ್ ಬಗ್ಗೆ ಯಾರು ಏನೇ ಬರೆಯಲಿ, ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ತಾರೆ. ಎರಡನೇ ಆಲ್ಬಮ್ ಎಲ್ಲಿ?

1998ರ ಆಗಸ್ಟ್ 25ಕ್ಕೆ 'ದಿ ಮಿಸ್‌ಎಜುಕೇಶನ್ ಆಫ್ ಲಾರಿನ್ ಹಿಲ್' ಬಂತು. ಆಗ ಆಕೆಗೆ 23 ವರ್ಷ. ತಂಡ ಬಿಟ್ಟು ತನ್ನ ಹೆಸರಲ್ಲೇ ಮಾಡಿದ ಮೊದಲ ಸ್ಟುಡಿಯೋ ಆಲ್ಬಮ್ ಅದು. ಅದರ ನಂತರ ಆಕೆಯ ಇನ್ನೊಂದು ಸ್ಟುಡಿಯೋ ಆಲ್ಬಮ್ ಬಂದಿಲ್ಲ. ಈ ಪ್ರಶ್ನೆ ಓದಿದಾಗಲೆಲ್ಲ ನಂಗೆ ಸಣ್ಣಗೆ ಸಿಟ್ಟು ಬರತ್ತೆ. ಯಾಕೆ ಅಂತ ಹೇಳ್ತೀನಿ. ಸ್ವಲ್ಪ ಸುತ್ತಿ ಬರಬೇಕು ಅಷ್ಟೇ.

ಈ ಆಲ್ಬಮ್ ನಂಗೆ ಸಿಕ್ಕಿದ್ದು ಉಲ್ಟಾ ದಾರೀಲಿ. 2018ರಲ್ಲಿ ಡ್ರೇಕ್‌ನ 'ನೈಸ್ ಫಾರ್ ವಾಟ್' ಬಂದಾಗ ನನ್ನ ಚಿಕ್ಕಪ್ಪನ ಮಗ ಅದನ್ನ ದಿನಕ್ಕೆ ಹತ್ತು ಸಲ ಹಾಕ್ತಿದ್ದ. ಅದರ ಹಿಂದೆ ಒಂದು ಹೆಣ್ಣುದನಿ ಬರತ್ತಲ್ಲ, ಅದು ಯಾರದು ಅಂತ ಹುಡುಕಿದ್ರೆ ಸಿಕ್ಕಿದ್ದು ಹಿಲ್‌ನ 'ಎಕ್ಸ್-ಫ್ಯಾಕ್ಟರ್'. ಅದೇ ವರ್ಷ ಕಾರ್ಡಿ ಬಿ ಕೂಡ ತನ್ನ 'ಬಿ ಕೇರ್‌ಫುಲ್'ಗೆ ಇದೇ ಹಾಡಿಂದ ಎತ್ಕೊಂಡಿದ್ದಳು. ಇಪ್ಪತ್ತು ವರ್ಷ ಹಳೇ ಹಾಡು, ಒಂದೇ ಬೇಸಿಗೇಲಿ ಇಬ್ಬರಿಗೆ ಬೇಕಾಯ್ತು!

ಮೂಲ ಹಾಡನ್ನ ತಮ್ಮನಿಗೆ ಕೇಳಿಸಿದೆ. "ಅಕ್ಕಾ, ರ‍್ಯಾಪರ್ ಅಂದೆ, ಇವಳು ಹಾಡ್ತಿದಾಳಲ್ಲ?" ಅಂದ. 'ಲಾಸ್ಟ್ ಒನ್ಸ್' ಹಾಕಿದೆ. ಬಾಯಿ ಮುಚ್ಚಿ ಕೂತ. ಅಡುಗೆಮನೆಯಿಂದ ಅಮ್ಮ, "ಯಾರಿಗೆ ಕಣೇ ಅದು ಹಂಗೆ ಬೈತಿರೋದು?" ಅಂತ ಕೇಳಿದ್ಲು. ಇಂಗ್ಲಿಷ್ ಹಾಡಿನ ಒಂದು ಪದವೂ ಗೊತ್ತಿಲ್ಲದ ಅಮ್ಮನಿಗೆ ಅದು ಬೈಗುಳದ ಹಾಡು ಅಂತ ಮಾತ್ರ ಸರಿಯಾಗಿ ಗೊತ್ತಾಗಿತ್ತು.

ತಮ್ಮನ ಗೊಂದಲ ಅವನೊಬ್ಬನದ್ದಲ್ಲ. ಹಿಲ್ ಅದಕ್ಕೂ ಮೊದಲು ಫ್ಯೂಜೀಸ್ ತಂಡದಲ್ಲಿದ್ದಳು. ವೈಕ್ಲೆಫ್ ಜಾನ್, ಪ್ರಾಸ್ ಮತ್ತು ಈಕೆ. ಅವರ 1996ರ 'ದಿ ಸ್ಕೋರ್' ಜೋರಾಗಿ ಮಾರಾಟವಾಯ್ತು, ಎರಡು ಗ್ರ್ಯಾಮಿನೂ ಬಂತು. ಅಲ್ಲೂ ಆಕೆ ಹಾಡ್ತಿದ್ದಳು, ರ‍್ಯಾಪ್‌ನೂ ಮಾಡ್ತಿದ್ದಳು. ಎರಡನ್ನೂ ಒಂದೇ ಹಾಡಲ್ಲಿ, ಒಂದೇ ಉಸಿರಲ್ಲಿ ಮಾಡೋರು ಆಗ ತೀರಾ ಕಡಿಮೆ. 1999ರ ಫೆಬ್ರವರಿಯಲ್ಲಿ ಈ ಆಲ್ಬಮ್ ಹತ್ತು ಗ್ರ್ಯಾಮಿ ನಾಮನಿರ್ದೇಶನಗಳಲ್ಲಿ ಐದನ್ನ ಗೆದ್ದಾಗ ನೋಡಿ, ಅದರಲ್ಲಿ ಒಂದೂ ರ‍್ಯಾಪ್ ವಿಭಾಗದ್ದಲ್ಲ. ವರ್ಷದ ಆಲ್ಬಮ್ ಪ್ರಶಸ್ತಿ ಬಂತು, ಹಿಪ್‌ಹಾಪ್ ಆಲ್ಬಮ್ ಒಂದಕ್ಕೆ ಅದು ಸಿಕ್ಕಿದ್ದು ಅದೇ ಮೊದಲು. ಜೊತೆಗೆ 'ಹೊಸ ಕಲಾವಿದೆ' ಪ್ರಶಸ್ತಿನೂ ಕೊಟ್ಟರು. ಎರಡು ಗ್ರ್ಯಾಮಿ ಮನೇಲಿ ಇಟ್ಕೊಂಡಿದ್ದ ಹೊಸಬಳು! ನಮ್ಮಲ್ಲೂ ಹಂಗೇ ಅಲ್ವಾ, ಕಂಪನಿ ಬದಲಾಯಿಸಿದ ಕೂಡಲೇ ಎಂಟು ವರ್ಷದ ಅನುಭವ ಇದ್ರೂ 'ಹೊಸಬರು' ಆಗ್ತೀವಿ.

ಆಲ್ಬಮ್ ಶುರುವಾಗೋದು ಶಾಲೆಯ ಗಂಟೆಯಿಂದ. ಮೇಷ್ಟ್ರು ಹಾಜರಿ ಕರೀತಾರೆ. ಮಕ್ಕಳು ಒಬ್ಬೊಬ್ಬರಾಗಿ ಉತ್ತರ ಕೊಡ್ತಾರೆ. "ಲಾರಿನ್ ಹಿಲ್" ಅಂತ ಕರೆದಾಗ ಮಾತ್ರ ಉತ್ತರ ಇಲ್ಲ. ಆಮೇಲೆ ಹಾಡುಗಳ ನಡುನಡುವೆ ಆ ತರಗತಿ ಮತ್ತೆ ಮತ್ತೆ ಬರತ್ತೆ. ಮೇಷ್ಟ್ರು ಕೇಳ್ತಾರೆ, ಪ್ರೀತಿ ಅಂದ್ರೆ ಏನು? ಮಕ್ಕಳು ನಗ್ತಾ, ನಾಚ್ತಾ, ಜಗಳ ಆಡ್ತಾ ಹೇಳ್ತಾರೆ. ಆ ಮೇಷ್ಟ್ರ ದನಿ ರಸ್ ಬರಾಕಾ ಅವರದ್ದು. ಕವಿ, ನಿಜಕ್ಕೂ ಶಿಕ್ಷಕರು. 2014ರಲ್ಲಿ ನ್ಯೂಜೆರ್ಸಿಯ ನ್ಯೂಆರ್ಕ್ ನಗರದ ಮೇಯರ್ ಆದರು.

ಶೀರ್ಷಿಕೆಗೂ ಒಂದು ಹಿನ್ನೆಲೆ ಇದೆ. ಕಾರ್ಟರ್ ಜಿ. ವುಡ್ಸನ್ ಅನ್ನೋ ಕರಿಯ ಇತಿಹಾಸಕಾರರು 1933ರಲ್ಲಿ 'ದಿ ಮಿಸ್-ಎಜುಕೇಶನ್ ಆಫ್ ದಿ ನೀಗ್ರೋ' ಅಂತ ಪುಸ್ತಕ ಬರೆದರು. ಅಮೆರಿಕದ ಶಾಲೆಗಳು ಕರಿಯ ಮಕ್ಕಳಿಗೆ ವಿದ್ಯೆ ಕೊಡೋ ನೆಪದಲ್ಲಿ ತಮ್ಮನ್ನ ತಾವೇ ಕೀಳಾಗಿ ನೋಡೋದನ್ನ ಕಲಿಸ್ತಿವೆ ಅನ್ನೋದು ಅವರ ವಾದ. ಹಿಲ್ ಆ ಮಾತನ್ನ ತನ್ನ ಮನಸ್ಸಿಗೆ ತಿರುಗಿಸ್ಕೊಂಡಳು. ಪ್ರೀತಿ, ದುಡ್ಡು, ಹೆಸರು ಇವುಗಳ ಬಗ್ಗೆ ನಂಗೆ ಕಲಿಸಿದ್ದೆಲ್ಲ ಸರಿಯಾ ಅಂತ. ಕ್ಲಾಸಿಗೆ ಆಕೆ ಗೈರು ಆಗಿರೋದಕ್ಕೆ ಕಾರಣ ಅದೇ ಇರಬೇಕು ಅನ್ಸುತ್ತೆ ನಂಗೆ.

ಎಲ್ಲಾ ಹಾಡೂ ನಂಗಿಷ್ಟ ಅಂತೇನಿಲ್ಲ. 'ಡೂ-ವಾಪ್'ನಲ್ಲಿ ಮೊದಲು ಹುಡುಗೀರಿಗೆ, ಆಮೇಲೆ ಹುಡುಗರಿಗೆ ಬುದ್ಧಿ ಹೇಳ್ತಾಳೆ. ರಾಗ ಅದ್ಭುತ. ಉಪದೇಶ ಮಾತ್ರ ಮದುವೆ ಮನೇಲಿ ನಮ್ಮ ಬಟ್ಟೆ ನೋಡಿ ತಲೆ ಅಲ್ಲಾಡಿಸೋ ಅತ್ತೆಯರ ಥರ. ಅದು ಬಂದ ಮೊದಲ ವಾರವೇ ಬಿಲ್‌ಬೋರ್ಡ್‌ನ ಮೊದಲ ಸ್ಥಾನಕ್ಕೆ ಹೋಯ್ತು, ನನ್ನ ತಕರಾರು ಯಾರಿಗೆ ಬೇಕು ಬಿಡಿ.

ನಾನು ನಿಲ್ಲೋದು 'ಟು ಝಾಯನ್' ಹತ್ರ. 1997ರ ಆಗಸ್ಟ್‌ನಲ್ಲಿ ಹಿಲ್‌ಗೆ ಮೊದಲ ಮಗು ಹುಟ್ಟಿತು, ಝಾಯನ್ ಅಂತ ಹೆಸರು. ಬಸುರಾದಾಗ ಸುತ್ತ ಇದ್ದವರು ಹೇಳಿದ್ದು, ತಲೆ ಉಪಯೋಗಿಸು, ಕರಿಯರ್ ನೋಡ್ಕೋ ಅಂತ. ಆಕೆ ಮಗುವನ್ನ ಆರಿಸ್ಕೊಂಡಳು. ಅದನ್ನೇ ಹಾಡು ಮಾಡಿ, ಕಾರ್ಲೋಸ್ ಸಂತಾನಾ ಕೈಲಿ ಗಿಟಾರ್ ನುಡಿಸಿದಳು.

ನಂಗೆ ನಾಲ್ಕು ತಿಂಗಳಾಗಿದ್ದಾಗ ಆಫೀಸಲ್ಲಿ ಹೇಳಿದೆ. ಟೀಮ್ ಲೀಡ್ ಆಗೋ ಮಾತು ನಡೀತಿದ್ದ ವರ್ಷ ಅದು. ನಮ್ಮ ಸೀನಿಯರ್ ಒಬ್ಬರು, ಒಳ್ಳೆಯವರೇ, ನಗ್ತಾ ಕೇಳಿದ್ರು, "ಈ ವರ್ಷಾನೇ ಬೇಕಿತ್ತಾ?" ಉತ್ತರ ಕೊಡೋ ಪ್ರಶ್ನೆ ಅಲ್ಲ ಅದು. ಆ ಸಂಜೆ ಮೆಟ್ರೋದಲ್ಲಿ ಸೀಟ್ ಸಿಕ್ಕಿತ್ತು, ಇಯರ್‌ಫೋನ್ ಹಾಕ್ಕೊಂಡು ಈ ಹಾಡನ್ನ ಮೂರು ಸಲ ಕೇಳಿದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನ ಮುಖ ನೋಡಿ, "ಯಾಕಮ್ಮಾ, ತಲೆ ಸುತ್ತತ್ತಾ?" ಅಂತ ಪರ್ಸಿಂದ ಒಂದು ಪೆಪ್ಪರ್‌ಮಿಂಟ್ ತೆಗೆದುಕೊಟ್ಟರು.

ಇರಲಿ. ಆಲ್ಬಮ್‌ಗೆ ಸಿಕ್ಕ ಸ್ವಾಗತದ ವಿಷಯ. ಮೊದಲ ವಾರವೇ 4.22 ಲಕ್ಷ ಪ್ರತಿ ಹೋಯ್ತು, ಅಲ್ಲಿವರೆಗೆ ಯಾವ ಗಾಯಕಿಗೂ ಮೊದಲ ವಾರ ಅಷ್ಟು ಹೋಗಿರಲಿಲ್ಲ. ವಿಲೇಜ್ ವಾಯ್ಸ್ ಪತ್ರಿಕೆ ಪ್ರತಿವರ್ಷ ವಿಮರ್ಶಕರ ಮತ ಕೇಳ್ತಿತ್ತು, 1998ರ ಪಟ್ಟಿಯಲ್ಲಿ ಇದು ಎರಡನೇದು. ಟೈಮ್ ಮ್ಯಾಗಜೀನ್ ಹಿಪ್‌ಹಾಪ್ ಬಗ್ಗೆ ಮುಖಪುಟ ಮಾಡಿದಾಗ ಹಾಕಿದ್ದು ಹಿಲ್ ಮುಖವನ್ನೇ. ಒಬ್ಬ ಹುಡುಗಿ, ಒಬ್ಬಳೇ ಬರೆದು, ಒಬ್ಬಳೇ ಕಟ್ಟಿದ ಆಲ್ಬಮ್ ಅನ್ನೋ ಕಥೆ ಎಲ್ಲರಿಗೂ ಹಿಡಿಸಿತ್ತು.

ಅಲ್ಲೇ ಎಡವಟ್ಟು ಶುರು. ಸಿಡಿಯ ಮೇಲೆ ಬರೆದದ್ದು, ಸಂಯೋಜಿಸಿದ್ದು, ನಿರ್ಮಿಸಿದ್ದು ಬಹುತೇಕ ಹಿಲ್ ಹೆಸರಲ್ಲೇ ಇತ್ತು. ಜೊತೆಗೆ ಕೆಲಸ ಮಾಡಿದ್ದ ನ್ಯೂ ಆರ್ಕ್ ಅನ್ನೋ ನಾಲ್ವರ ತಂಡ ಅದೇ ವರ್ಷ ಕೋರ್ಟಿಗೆ ಹೋಯ್ತು. ಹಲವು ಹಾಡುಗಳಲ್ಲಿ ನಮ್ಮ ಕೆಲಸ ಇದೆ, ಹೆಸರು ಇಲ್ಲ ಅಂತ. 2001ರಲ್ಲಿ ಕೋರ್ಟ್ ಹೊರಗೆ ರಾಜಿಯಾಯ್ತು.

ಅಭಿಮಾನಿಗಳು ಈ ಭಾಗವನ್ನ ಬೇಗ ದಾಟಿಬಿಡ್ತಾರೆ. ನಂಗೆ ಆಗಲ್ಲ. ಮೂರು ವಾರ ಕೂತು ನಾನು ಮಾಡಿದ ಡೆಕ್‌ನ ಮೊದಲ ಪುಟದಲ್ಲಿ ಇನ್ಯಾರದೋ ಹೆಸರು ನೋಡಿದೋಳು ನಾನು. ಆ ನಾಲ್ವರ ಹೊಟ್ಟೆಯುರಿ ಎಂಥದ್ದು ಅಂತ ಗೊತ್ತು. ಹಾಗಂತ ಆಲ್ಬಮ್ ಹಿಲ್‌ದಲ್ಲ ಅನ್ನೋಕೆ ಹೊರಟವರ ಜೊತೆಗೂ ನಾನಿಲ್ಲ. 2018ರಲ್ಲಿ ಇಂಥದ್ದೇ ಆರೋಪ ಮತ್ತೆ ಬಂದಾಗ ಆಕೆ ಉದ್ದನೆಯ ಉತ್ತರ ಬರೆದಳು. ಅದರ ತಿರುಳು ಇಷ್ಟು, ಒಳ್ಳೊಳ್ಳೆ ಕೆಲಸಗಾರರನ್ನ ಕರೆಸ್ತೀನಿ, ಆದರೆ ನಕ್ಷೆ ನನ್ನದು. ಮನೆ ಕಟ್ಟಿಸಿದ ಯಾರಿಗಾದ್ರೂ ಈ ಮಾತು ಅರ್ಥ ಆಗತ್ತೆ. ಮೇಸ್ತ್ರಿಯ ಹೆಸರೂ ಗೋಡೆ ಮೇಲೆ ಇರಲಿ ಅನ್ನೋದಷ್ಟೇ ನನ್ನ ಆಸೆ.

ಆಮೇಲೆ 2002ರಲ್ಲಿ ಎಂಟಿವಿ ಅನ್‌ಪ್ಲಗ್ಡ್ ಬಂತು. ಸ್ಟುಡಿಯೋ ಅಲ್ಲ, ವೇದಿಕೆ ಮೇಲಿನ ಧ್ವನಿಮುದ್ರಣ. ಒಂದು ಗಿಟಾರ್, ಒಡೆದ ಗಂಟಲು, ಬಹುತೇಕ ಹೊಸ ಹಾಡುಗಳು, ಮಧ್ಯೆ ಉದ್ದುದ್ದ ಮಾತು. ಹೊಗಳಿದೋರಿಗಿಂತ ತಲೆ ಕೆರ್ಕೊಂಡೋರೇ ಜಾಸ್ತಿ. ಅಲ್ಲಿಂದ ಮುಂದೆ ಪತ್ರಿಕೆಗಳಿಗೆ ಆಕೆ ಒಂದು 'ಏನಾಯ್ತು' ಕಥೆ ಆದಳು. ಮೊದಲ ಆಲ್ಬಮ್‌ನ ಬೆಲೆಯೂ ಅದರ ಜೊತೆ ಏರಿಳಿಯಿತು. ರೋಲಿಂಗ್ ಸ್ಟೋನ್ ಪತ್ರಿಕೆಯ ಸಾರ್ವಕಾಲಿಕ 500 ಆಲ್ಬಮ್‌ಗಳ 2012ರ ಪಟ್ಟೀಲಿ ಇದಕ್ಕೆ 314ನೇ ಸ್ಥಾನ. 2020ರಲ್ಲಿ ಹೊಸಬರನ್ನ ಸೇರಿಸಿ ಹೊಸದಾಗಿ ಮತ ಹಾಕಿಸಿದಾಗ 10ನೇ ಸ್ಥಾನ. 2024ರಲ್ಲಿ ಆ್ಯಪಲ್ ಮ್ಯೂಸಿಕ್ ತನ್ನ 100ರ ಪಟ್ಟೀಲಿ ಮೊದಲನೇ ಸ್ಥಾನವನ್ನೇ ಕೊಟ್ಟಿತು. ಆಲ್ಬಮ್‌ನಲ್ಲಿ ಒಂದು ಸ್ವರವೂ ಬದಲಾಗಿಲ್ಲ. ಬದಲಾಗಿದ್ದು ಮತ ಹಾಕೋ ಕೈಗಳು. ಮೊದಲಿನ ಪಟ್ಟಿಗಳಲ್ಲಿ ಗಿಟಾರ್ ಹಿಡಿದ ಗಂಡಸರೇ ಮೇಲೆ ಕೂತಿರ್ತಿದ್ರು.

ರಜೆ ಮುಗಿಸಿ ಕೆಲಸಕ್ಕೆ ವಾಪಸ್ ಬಂದ ಮೇಲೆ ನನ್ನ ಮೊದಲ ಅಪ್ರೈಸಲ್ ಆಯ್ತು. ಬಾಣಂತನಕ್ಕೆ ಮೊದಲು ನಾನು ಮುಗಿಸಿದ್ದ ಪ್ರಾಜೆಕ್ಟ್ ಬಗ್ಗೆ ಎರಡು ನಿಮಿಷ, 'ಮುಂದೇನು' ಅನ್ನೋದರ ಬಗ್ಗೆ ಮುಕ್ಕಾಲು ಗಂಟೆ. ಹೊರಗೆ ಬಂದಾಗ ಪಕ್ಕದ ಸೀಟಿನ ಗೆಳತಿ, "ಹೆಂಗಿತ್ತೇ?" ಅಂದ್ಲು. "ಎರಡನೇ ಆಲ್ಬಮ್ ಕೇಳಿದ್ರು ಕಣೇ" ಅಂದೆ. ಅವಳಿಗೆ ತಲೆಬುಡ ತಿಳೀಲಿಲ್ಲ. ಲಿಂಕ್ ಕಳಿಸಿದೀನಿ.

ಹಿಲ್ ಯಾಕೆ ಇನ್ನೊಂದು ಮಾಡಲಿಲ್ಲ ಅನ್ನೋದಕ್ಕೆ ನೂರು ಊಹೆ ಇವೆ. ಕೋರ್ಟ್ ಅಂತೆ, ಹೆದರಿಕೆ ಅಂತೆ, ಹಟ ಅಂತೆ. ನಂಗೆ ಅವುಗಳಲ್ಲಿ ಆಸಕ್ತಿ ಇಲ್ಲ. ಒಂದು ಅಡುಗೆ ರುಚಿಯಾಗಿದ್ರೆ ಊಟ ಮಾಡ್ತೀವಿ, ನಾಳೆ ಏನ್ ಮಾಡ್ತೀಯ ಅಂತ ತುತ್ತು ಕೈಲಿಟ್ಕೊಂಡು ಕೇಳಲ್ಲ.

ಕೇಳದೇ ಇರೋರು ಈ ವಾರ ಕೇಳಿ, ಹೆಚ್ಚುಕಮ್ಮಿ 78 ನಿಮಿಷ. ಸಿಲ್ಕ್ ಬೋರ್ಡ್ ದಾರಿಯ ಸಂಜೆ ಟ್ರಾಫಿಕ್‌ಗೆ ಸರಿಹೋಗತ್ತೆ. ಮಕ್ಕಳ ಮಾತು ಬರೋ ಕಡೆ ಫಾರ್ವರ್ಡ್ ಮಾಡಬೇಡಿ. ಶೀರ್ಷಿಕೆ ಹಾಡು ಮುಗೀತು ಅಂತ ಫೋನ್ ಒಳಗೂ ಇಡಬೇಡಿ. ಆಗಿನ ಸಿಡಿಯ ಹಿಂಬದಿಯ ಪಟ್ಟೀಲಿ ಇಲ್ಲದ ಎರಡು ಹಾಡು ಅದಾದ ಮೇಲೆ ಬರತ್ವೆ. ಅದರಲ್ಲಿ ಕೊನೆಯದು 'ಟೆಲ್ ಹಿಮ್', ನನ್ನ ಮಗಳು ಮಲಗೋದು ಅದನ್ನ ಕೇಳಿದ ಮೇಲೇ.