ರಿಮ್ಮು ನೋಡಿ ಸೈಕಲ್ಲು

ಸೈಕಲ್ ಕೊಳ್ಳಲು ಹೋದವರು ಮೊದಲು ನೋಡುವುದು ಬಣ್ಣ. ಆಮೇಲೆ ಗೇರು ಎಷ್ಟೆಂದು ಎಣಿಸುತ್ತಾರೆ, ಬೆಲ್ಲು ಬಾರಿಸುತ್ತಾರೆ, ಸೀಟಿನ ಮೇಲೆ ಕೂತು ಕಾಲು ನೆಲಕ್ಕೆ ತಾಕುತ್ತದೋ ಇಲ್ಲವೋ ನೋಡುತ್ತಾರೆ. ರಿಮ್ಮಿನ ಕಡೆ ಕಣ್ಣು ಹಾಯಿಸುವವರು ಕಡಿಮೆ. ನನಗೋ ಅದೇ ಚಟ. ಸ್ಟ್ಯಾಂಡಿನಲ್ಲಿ ನಿಂತ ಪರರ ಸೈಕಲ್ಲುಗಳ ಗಾಲಿಯನ್ನು ಬಗ್ಗಿ ನೋಡುತ್ತಾ ಕಾವಲಿನವನ ಅನುಮಾನಕ್ಕೆ ಗುರಿಯಾದವನು ನಾನು.

ಅಕ್ಕನ ಮಗಳು ಮೈಸೂರಿನಲ್ಲಿ ಕಾಲೇಜು ಸೇರಿದ ಮೇಲೆ ಫೋನು ಮಾಡಿ, ಸೈಕಲ್ ಕಲೀತೀನಿ, ಯಾವುದು ತಗೊಳ್ಲಿ ಎಂದಳು. ನಾನು ರಿಮ್ಮಿನಿಂದ ಶುರು ಮಾಡಿದೆ. ಸ್ವಲ್ಪ ಹೊತ್ತು ಕೇಳಿಸಿಕೊಂಡು, “ಮಾಮ, ನಾನು ಕೇಳಿದ್ದು ಪೂರ್ತಿ ಸೈಕಲ್ಲು” ಎಂದಳು.

ಆದರೆ ಹೊಸದಾಗಿ ಕಲಿಯುವವರ ಏಟೆಲ್ಲ ಬೀಳುವುದು ಗಾಲಿಗೇ ಅಲ್ಲವೇ? ಪಳಗಿದವರು ಹಳ್ಳ ಕಂಡರೆ ಸೀಟಿನಿಂದ ಅರ್ಧ ಎದ್ದು ಮೈ ಹಗುರ ಮಾಡಿಕೊಳ್ಳುತ್ತಾರೆ. ಕಲಿಯುವವರು ಹೆದರಿ ಇನ್ನಷ್ಟು ಗಟ್ಟಿಯಾಗಿ ಕೂರುತ್ತಾರೆ. ಫುಟ್‌ಪಾತಿನ ಅಂಚಿಗೆ ನೇರ ನುಗ್ಗುವುದು, ಪಕ್ಕಕ್ಕೆ ವಾಲಿ ಬೀಳುವುದು, ಬಿದ್ದದ್ದರ ಮೇಲೆ ತಾವೂ ಬೀಳುವುದು, ಇದೆಲ್ಲ ಪಾಠದ ಭಾಗವೇ. ಮೇಲಿನಿಂದ ಬೀಳುವ ಭಾರವನ್ನು ಗಾಲಿ ಎಷ್ಟಾದರೂ ಹೊರುತ್ತದೆ, ಪಕ್ಕದಿಂದ ಬಂದ ಒತ್ತಡಕ್ಕೆ ಮಾತ್ರ ಬೇಗ ಬೆಂಡಾಗುತ್ತದೆ.

ನಮ್ಮ ಕಾಲದಲ್ಲಿ ಈ ಚಿಂತೆ ಇರಲಿಲ್ಲ. ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದವರಿಗೆ ಆ ಗಾಲಿಗಳ ಗಟ್ಟಿತನ ಗೊತ್ತು. ಮಿರುಗುವ ಉಕ್ಕಿನ ರಿಮ್ಮು, ಬ್ರಿಟಿಷರ ಪದ್ಧತಿಯಂತೆ ಮುಂದೆ 32 ಕಡ್ಡಿ, ಹಿಂದೆ 40. ಹಾಲಿನ ಕ್ಯಾನು, ಗ್ಯಾಸ್ ಸಿಲಿಂಡರು, ಮೂಟೆ, ಮೂವರು ಮಕ್ಕಳು ಎಲ್ಲಕ್ಕೂ ಹಿಂದಿನ ಗಾಲಿಯೇ ಗತಿಯಾದ್ದರಿಂದ ಅಲ್ಲಿ ಎಂಟು ಕಡ್ಡಿ ಜಾಸ್ತಿ. ಆದರೂ ಅದನ್ನೇ ಇವಳಿಗೆ ಹೇಳಲು ಮನಸ್ಸು ಬರಲಿಲ್ಲ. ಉಕ್ಕು ಭಾರ, ತುಕ್ಕೂ ಹಿಡಿಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಮಳೆಯಲ್ಲಿ ನೆನೆದ ಉಕ್ಕಿನ ರಿಮ್ಮಿನ ಮೇಲೆ ಬ್ರೇಕಿನ ರಬ್ಬರು ಜಾರುತ್ತದೆ. ಚಾಮುಂಡಿ ಬೆಟ್ಟದ ಇಳಿಜಾರಿನಲ್ಲಿ ಇಂಥ ಬ್ರೇಕು ನಂಬಿ ಇಳಿಯುವುದಕ್ಕೆ ತಾಯಿಯ ಕೃಪೆಯೊಂದೇ ಸಾಲದು.

ಹಾಗಾಗಿ ಅಲ್ಯೂಮಿನಿಯಂ. ಇದು ಹೊಸದೇನಲ್ಲ. ಫ್ರಾನ್ಸಿನ ಆಂತೊನಾ ಮಾನ್ಯ್ 1934ರ ಟೂರ್ ಡಿ ಫ್ರಾನ್ಸ್ ಗೆದ್ದದ್ದು ಮಾವಿಕ್ ಕಂಪನಿಯ ಅಲ್ಯೂಮಿನಿಯಂ ರಿಮ್ಮಿನ ಮೇಲೆ. ಆಗಿನ್ನೂ ಮರದ ರಿಮ್ಮಿನ ಕಾಲ. ಗುಟ್ಟು ತಿಳಿಯದಿರಲೆಂದು ಅದಕ್ಕೆ ಮರದ ಬಣ್ಣ ಬಳಿದಿದ್ದರಂತೆ. ಈಗ ಅಗ್ಗದ ಸೈಕಲ್ಲಿಗೂ ಅದು ಬಂದಿದೆ. ಆದರೆ ಅಲ್ಲೊಂದು ಭೇದವಿದೆ. ಒಂಟಿ ಗೋಡೆಯದು ಬರೀ ತಗಡಿನ ದೋಣಿ. ಡಬಲ್ ವಾಲ್ ಎನ್ನುವುದರಲ್ಲಿ ಎರಡು ಪದರ, ನಡುವೆ ಟೊಳ್ಳು. ತೂಕ ಹೆಚ್ಚು ಏರುವುದಿಲ್ಲ, ಬಿಗಿ ಮಾತ್ರ ಬಹಳ ಏರುತ್ತದೆ. ಕಲಿಯುವವರು ಬೇರೆ ಯಾವುದರಲ್ಲಿ ಉಳಿತಾಯ ಮಾಡಿದರೂ ಸರಿ, ಇದರಲ್ಲಿ ಮಾಡಬಾರದು. ಗೇರು ಏಳೇ ಇದ್ದರೂ ಸಾಕು, ರಿಮ್ಮು ಡಬಲ್ ವಾಲ್ ಇರಲಿ.

ಅಂಗಡಿಗಳಲ್ಲಿ ಈಗ ಕಡ್ಡಿಯೇ ಇಲ್ಲದ, ಎರಕ ಹೊಯ್ದ ಗಾಲಿಯೂ ಬಂದಿದೆ. ಹುಡುಗರು ಅದನ್ನು ‘ಮ್ಯಾಗ್ ವೀಲ್’ ಎಂದು ಹೆಮ್ಮೆಯಿಂದ ತೋರಿಸುತ್ತಾರೆ. ನೋಡಲು ಚೆನ್ನ, ಒಪ್ಪಿದೆ. ಬೆಂಡಾದರೆ ತಿರುಗಿಸಲು ಅದರಲ್ಲಿ ಕಡ್ಡಿ ಬಿಗಿಸುವ ನಿಪ್ಪಲ್ ಎಲ್ಲಿದೆ? ಬೀಳುವವರ ಗಾಲಿಗೆ ರಿಪೇರಿಯ ದಾರಿ ಇರಬೇಕು.

ಇನ್ನು ಅಳತೆಯ ಗೊಂದಲ. ಅಜ್ಜಂದಿರ 28 ಇಂಚಿನ ಗಾಲಿಯ ರಿಮ್ಮಿನಲ್ಲಿ ಟೈರು ಕೂರುವ ವ್ಯಾಸ 635 ಮಿ.ಮೀ. ಈಗಿನ ಹುಡುಗರ 29 ಇಂಚಿನದ್ದು 622 ಮಿ.ಮೀ. ಹೆಸರಿನಲ್ಲಿ ದೊಡ್ಡದು, ರಿಮ್ಮಿನಲ್ಲಿ ಚಿಕ್ಕದು! 26 ಇಂಚು ಎಂದು ಬರೆದ ಟೈರುಗಳೆಲ್ಲ ಒಂದರ ರಿಮ್ಮಿಗೆ ಒಂದು ಕೂರುವುದಿಲ್ಲ. ಮೌಂಟನ್ ಬೈಕಿನದು 559 ಆದರೆ, 26 × 1⅜ ಎನ್ನುವುದು 590. ಟೈರಿನ ಬದಿಯಲ್ಲಿ ಚಿಕ್ಕ ಅಕ್ಷರದಲ್ಲಿ ಅಚ್ಚಾದ ಮೂರಂಕಿಯನ್ನೇ ನಂಬಬೇಕು. ಅವಳಿಗೆ ನಾನು ಹೇಳಿದ್ದು 26ರ ಮೌಂಟನ್ ಬೈಕ್ ಗಾಲಿ, ಕಡ್ಡಿ 36, ಟೈರು ಎರಡು ಇಂಚಿನ ಆಸುಪಾಸು. ಅಗಲ ಟೈರಿನೊಳಗಿನ ಗಾಳಿಯೇ ರಿಮ್ಮಿಗೆ ಅಂಗರಕ್ಷಕ. ಅದನ್ನು ಕಡಿಮೆ ಮಾಡಿ ಓಡಿಸಿದರೆ ಕಲ್ಲಿನ ಏಟು ನೇರ ಲೋಹಕ್ಕೇ.

ಇಷ್ಟಾದರೂ ರಿಮ್ಮೊಂದರಿಂದಲೇ ಗಾಲಿ ಗಟ್ಟಿಯಾಗುವುದಿಲ್ಲ. ಅಮೆರಿಕದ ಎಂಜಿನಿಯರ್ ಜಾಬ್ಸ್ಟ್ ಬ್ರಾಂಟ್ 1981ರಲ್ಲಿ ಸೈಕಲ್ ಗಾಲಿಯ ಬಗ್ಗೆಯೇ ಒಂದು ಪುಸ್ತಕ ಬರೆದರು. ಗಾಲಿ ಮೇಲಿನ ಕಡ್ಡಿಗಳಿಗೆ ಜೋತುಬಿದ್ದಿಲ್ಲ, ತಳದ ಕಡ್ಡಿಗಳ ಮೇಲೆ ನಿಂತಿದೆ ಎಂಬುದು ಅವರ ವಾದ. ಭಾರ ಬಿದ್ದಾಗ ನೆಲದತ್ತಲಿನ ಕೆಲವು ಕಡ್ಡಿಗಳ ಬಿಗಿ ತುಸು ಸಡಿಲುತ್ತದೆ, ಉಳಿದವು ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತವೆ. ಬಿಗಿ ಮೊದಲೇ ಸಾಲದಿದ್ದರೆ ಅವು ಪೂರ್ತಿ ಜೋಲುತ್ತವೆ, ಅದೇ ಹೊತ್ತಿಗೆ ಗಾಲಿ ಕೈಕೊಡುತ್ತದೆ. ಕಡ್ಡಿ ಮುರಿಯುವುದೂ ಹೆಚ್ಚಾಗಿ ಗಾಲಿಯ ನಡುವಿನ ಹಬ್ಬಿನ ಬಳಿಯ ಬಾಗಿನಲ್ಲಿ, ಸಡಿಲ ಗಾಲಿ ಸುತ್ತು ಸುತ್ತಿಗೂ ಕುಲುಕಿ ಕುಲುಕಿ.

ನಮ್ಮ ಬೀದಿಯ ಸೈಕಲ್ ಶಾಪಿನ ಭಾಯಿ ಈ ಪುಸ್ತಕ ಓದಿಲ್ಲ. ಅವರು ಬೆರಳಿನಿಂದ ಕಡ್ಡಿಗಳನ್ನು ಒಂದೊಂದಾಗಿ ಮೀಟಿ ತಂಬೂರಿ ಶ್ರುತಿ ಮಾಡುವವರ ಹಾಗೆ ಕಿವಿಗೊಡುತ್ತಾರೆ. ಒಂದು ಬದಿಯವೆಲ್ಲ ಒಂದೇ ಸ್ವರ ಹೇಳಬೇಕು. ಗೇರಿನ ಸೈಕಲ್ಲಾದರೆ ಹಿಂದಿನ ಗಾಲಿಯ ಬಲಗಡೆ ಸ್ವರ ಏರು, ಎಡಗಡೆ ಇಳಿ. ಹಲ್ಲುಚಕ್ರಗಳಿಗೆ ಜಾಗ ಬಿಡಲು ಬಲದ ಕಡ್ಡಿಗಳನ್ನು ನೆಟ್ಟಗೆ, ಹೆಚ್ಚು ಬಿಗಿಯಾಗಿ ಕಟ್ಟಿರುತ್ತಾರೆ. ಆಮೇಲೆ ಗಾಲಿ ತಿರುಗಿಸಿ, ಬ್ರೇಕಿನ ರಬ್ಬರಿಗೂ ರಿಮ್ಮಿಗೂ ನಡುವಿನ ಸಂದಿನಲ್ಲಿ ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಎಲ್ಲೋ ಒಂದು ಕಡೆ ಸಂದು ಕಿರಿದಾಯಿತೆಂದರೆ ನಿಪ್ಪಲ್ಲಿಗೆ ಕೀಲಿ ಹಾಕಿ ಕಾಲು ಸುತ್ತು, ಅಷ್ಟೇ. ಅರ್ಧ ಸುತ್ತು ತಿರುಗಿಸುವವರನ್ನು ಕಂಡರೆ ಅವರಿಗೆ ಆಗದು.

ಸೋದರಸೊಸೆಯ ಸೈಕಲ್ಲನ್ನು ಅವರ ಮುಂದೆಯೇ ನಿಲ್ಲಿಸಿದೆ. ಕಾರ್ಖಾನೆಯಲ್ಲಿ ಕಟ್ಟಿದ ಗಾಲಿಯನ್ನು ಮೀಟಿ, ಮುಖ ಹುಳಿ ಮಾಡಿ, ಎರಡನ್ನೂ ಬಿಚ್ಚಿಸಿಕೊಂಡರು. “ನೋಡು ಬೇಟಿ, ಈಗ ಬಿಗಿ ಮಾಡ್ತೀನಿ. ಓಡ್ಸಿ ಓಡ್ಸಿ ಕಡ್ಡಿ ಕೂತ್ಕೊಳ್ಳತ್ತೆ, ಮತ್ತೆ ಸಡಿಲ ಆಗತ್ತೆ. ತಿಂಗಳು ಬಿಟ್ಟು ಬಾ, ಇನ್ನೊಂದ್ ಸಲ ನೋಡ್ಬೇಕು” ಎಂದರು.

“ಅಷ್ಟರೊಳಗೆ ಬಿದ್ದು ಬೆಂಡಾದ್ರೆ ಅಂಕಲ್?”

“ಆಗ ತಿಂಗಳು ಕಾಯ್ಬೇಡ.”